ಬಾಗಲೂರು ರಸ್ತೆಯ ಳ

ಹೊಸೂರಿನಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿ
ತಗಡಿನ ಶೆಡ್ಡು. ಬೋರ್ಡಿಲ್ಲ.
ಬೋರ್ಡುಗಳೆಲ್ಲ ಒಳಗಿವೆ, ಗೋಣಿಚೀಲಗಳಲ್ಲಿ.

ಲಾರಿ ಹಿಮ್ಮುಖವಾಗಿ ಬಂದು ನಿಂತರೆ ಮೊದಲು ಸುರಿಯುವುದು
ಸ್ಕೂಟರುಗಳ ಹಿಂಬದಿ ದೀಪದ ಕೆಂಪು, ಗಾಜಲ್ಲದ ಗಾಜು;
ಕೊರೋನಾ ಹೋದಮೇಲೆ ಬ್ಯಾಂಕಿನವರು ಕಿತ್ತ ಪರದೆ,
ಕೈ ತೂರುವಷ್ಟು ಅರ್ಧಚಂದ್ರ ಅದರಲ್ಲಿನ್ನೂ ಇದೆ;
ಮೀನಿಲ್ಲದ ಮೀನಿನ ತೊಟ್ಟಿ.
ಆಮೇಲೆ ಅಕ್ಷರಗಳು.
ತಮಿಳು, ತೆಲುಗು, ಇಂಗ್ಲಿಷು, ಉರ್ದು, ನಮ್ಮದು.
ಜ್ಯುವೆಲರ್ಸ್‌ನ ಜ್ಯು, ಬೇಕರಿಯ ಕಾಲುಮುರಿದ ಕ,
ಯಾವ ಹೋಟೆಲಿನದೋ ಬರೀ ಒಂದು ದೀರ್ಘ.

ಪಿಳ್ಳಕ್ಕ ಕೂತಲ್ಲೇ ಬೇರೆಮಾಡುತ್ತಾಳೆ.
ಓದು ಬಾರದು ಅವಳಿಗೆ, ಅದಕ್ಕೇ ತಪ್ಪುವುದಿಲ್ಲ.
ಉಗುರಲ್ಲಿ ತಟ್ಟಿ ಸದ್ದು ಕೇಳುತ್ತಾಳೆ:
ಇದು ಅಕ್ರಿಲಿಕ್ಕು, ಇದು ಪಿವಿಸಿ.
"ಪಿವಿಸಿ ಒಂದು ಚೂರು ಹೋದರೂ ಸಾಕು ಸಾಮಿ,
ಹಾಲಿಗೆ ಹುಳಿ ಹಿಂಡಿದಂಗೆ."

ಮೂವತ್ತು ವರ್ಷ ನಾನು ಅಕ್ಷರ ಕೊರೆದವನು.
ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಆರಡಿ ಅಂಗಡಿ, ಕೈಗರಗಸ.
ಲೇಸರ್ ಮೆಷಿನ್ನು ಬಂತು. ಕೊಯಮತ್ತೂರಿನ ಹುಡುಗನೊಬ್ಬ
ನನ್ನ ಒಂದು ದಿನವನ್ನು ಐದು ನಿಮಿಷಕ್ಕೆ ಕತ್ತರಿಸಿದ.
ಈಗ ಇಲ್ಲಿ ಭಟ್ಟಿಗೆ ತುತ್ತು ಕೊಡುತ್ತೇನೆ.

ಮೊದಲು ಇಲ್ಲಿದ್ದದ್ದು ಸೀಸದ ಕೊಪ್ಪರಿಗೆ.
ಕರಗಿದ ಸೀಸದ ಮೇಲೆ ಚೂರು ಚೆಲ್ಲಿದರೆ
ಆವಿಯಾಗಿ ಏಳುತ್ತಿತ್ತಂತೆ ಸರಕು.
ಅದನ್ನು ಏಳು ವರ್ಷ ಕಾದವನು ದಸ್ತಗೀರ್.
ಈಗ ಗೇಟಿನೆದುರು ಟೀ ಅಂಗಡಿಯಲ್ಲಿ ಕೂರುತ್ತಾನೆ.
ಮಣಿಕಟ್ಟು ಎತ್ತಲಾಗುವುದಿಲ್ಲ,
ಗ್ಲಾಸು ಹಿಡಿಯಲು ಎರಡೂ ಕೈ.
ಹೊಸ ಯಂತ್ರ ನೋಡಲು ಒಮ್ಮೆಯೂ ಒಳಗೆ ಬಂದಿಲ್ಲ.

ಹೊಸದರಲ್ಲಿ ಸೀಸವಿಲ್ಲ. ಕಬ್ಬಿಣದ ಗಂಟಲು, ಒಳಗೊಂದು ತಿರುಪು,
ನಾನೂರು ಡಿಗ್ರಿ, ಗಾಳಿಗೆ ಪ್ರವೇಶವಿಲ್ಲ.
ತಂಗವೇಲು ಹೇಳಿಕೊಟ್ಟ, ಅರ್ಧ ತಮಿಳು ಅರ್ಧ ಕೈಸನ್ನೆ:
ಇದು ಸುಡುವುದಲ್ಲಪ್ಪ, ಬಿಚ್ಚುವುದು.
ಗೋಣಿಚೀಲದ ಬಾಯಿಹೊಲಿಗೆ ನೋಡಿದ್ದೀಯಲ್ಲ,
ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತ,
ಸರ್ರಂತ ಪೂರಾ ಬಿಚ್ಚಿಕೊಳ್ಳುತ್ತೆ.
ಹಾಗೆ ಸಾವಿರ ಸಾವಿರ ಕೈ ಹಿಡಿದು ನಿಂತವು
ತುದಿಯಿಂದ ಒಂದೊಂದೇ ಕೈಬಿಟ್ಟು
ಆವಿಯಾಗಿ ಹೊರಟು, ತಣ್ಣನೆಯ ಕೊಳವೆಯಲ್ಲಿ
ಹನಿ.

ಪೀಪಾಯಿಗೆ ಒಂದು ಚಿಟಿಕೆ ಕಾವಲುಪುಡಿ ಬೆರೆಸುತ್ತೇವೆ.
ಸುಮ್ಮನೆ ಬಿಟ್ಟರೆ ಬೇಸಗೆಯಲ್ಲಿ
ತಾವಾಗೇ ಕೈಕೂಡಿಸಿ ಗಟ್ಟಿಯಾಗಿಬಿಡುತ್ತವೆ.
ಕೂಡುವುದೇ ಅವುಗಳ ಸ್ವಭಾವ, ನಮ್ಮ ಥರ ಅಲ್ಲ,
ಅಂದೆ. ಯಾರೂ ನಗಲಿಲ್ಲ.

ಮೊನ್ನೆ ಶನಿವಾರ ಚೀಲದಡಿಯಲ್ಲಿ ಸಿಕ್ಕಿತು ಒಂದು ಳ.
ಹಸಿರು, ಆರಿಂಚು, ಒಳತಿರುವಿನಲ್ಲಿ ಸಣ್ಣ ಕಚ್ಚು.
ಬ್ಲೇಡು ಮುರಿದ ಆ ದಿನ ನನಗೆ ನೆನಪಿದೆ:
ಮಂಗಳ ಸ್ಟೋರ್ಸ್, ಚೌಡಮ್ಮನ ಬಳೆ ಅಂಗಡಿ.
ಒಂದು ಆಷಾಢದ ಗಾಳಿಗೆ ಈ ಳ ಉದುರಿತ್ತು.
ಶಾಲೆ ಹುಡುಗರು ಓಣಿಯುದ್ದಕ್ಕೂ ಓದಿಕೊಂಡು ಹೋದರು,
ಮಂಗ ಸ್ಟೋರ್ಸ್, ಮಂಗ ಸ್ಟೋರ್ಸ್.
ಚೌಡಮ್ಮ ಸೆರಗಲ್ಲಿ ಳ ಕಟ್ಟಿಕೊಂಡು ಬಂದು
ನನ್ನ ಮೂರು ತಲೆಮಾರು ಬೈದಳು.
ಅಂಟಿಸಿಕೊಟ್ಟೆ. ದುಡ್ಡು ಕೇಳಲಿಲ್ಲ.
ಈಗ ಮಂ ಇಲ್ಲ, ಗ ಇಲ್ಲ. ಚೀಲ ಪೂರ್ತಿ ಕೊಡವಿದೆ.

ಅಕ್ಷರ ಅಂದರೆ ಅಳಿಯದ್ದು ಅಂತ ಮೇಷ್ಟ್ರು ಹೇಳಿದ್ದರು.
ಪ್ಲಾಸ್ಟಿಕ್ಕಿಗೂ ಅದೇ ಮಾತು ಹೇಳುತ್ತಾರೆ
ಕಾರ್ಪೊರೇಷನ್ನಿನವರು, ಬಯ್ಯುವ ದನಿಯಲ್ಲಿ.

ಪಿಳ್ಳಕ್ಕ ತಟ್ಟಿ ನೋಡಿದಳು. "ಒಳ್ಳೇ ಮಾಲು."
ಅವಳ ಬಾಯಲ್ಲಿ ಎರಡು ಳ ಇದ್ದವು, ನನ್ನ ಕೈಯಲ್ಲಿ ಒಂದು.
ಜೇಬಿಗೆ ಹಾಕಿಕೊಂಡೆ. ಊಟಕ್ಕೆ ಕೂತರೆ ತೊಡೆಗೆ ಚುಚ್ಚಿತು.
ಎರಡು ಗಂಟೆಗೆ, ಹಿಂಬದಿ ದೀಪಗಳ ಜೊತೆ,
ಬಾಯಿಗೆ ಕೊಟ್ಟೆ.

ಬಣ್ಣ ಒಳಗೇ ಉಳಿಯುತ್ತದೆ, ಕರೀ ಮಸಿಯಾಗಿ.
ಕೆಂಪು ಹಾಕಲಿ, ಹಸಿರು ಹಾಕಲಿ,
ಬಟ್ಟಿ ಇಳಿದದ್ದು ನೀರಿನ ಹಾಗೆ.
ಶೀಶೆ ಎತ್ತಿ ಬೆಳಕಿಗೆ ಹಿಡಿದೆ, ತುಂಬ ಹೊತ್ತು.
ಆಚೆ ಕಡೆ ತಂಗವೇಲುವಿನ ಮುಖ ಕಂಡಿತು, ಅಷ್ಟೇ.

ಸಂಜೆ ದಸ್ತಗೀರ್ ನನ್ನ ತೋಳು ಮೂಸಿದ.
"ವಾಸನೆ ಬದಲಾಗಿಲ್ಲ."
ಇಲ್ಲ, ಅಂದೆ.
ಟೀ ಬಂತು. ಅವನ ಎರಡು ಕೈ ಏಳುವ ಮೊದಲೇ
ಗ್ಲಾಸಿನ ತಳ ಹಿಡಿದುಕೊಂಡೆ.