ಒದ್ದಿ ಬೆರಳಿಗೆ ಓ ಅನ್ನೂದು

ಮಡಗಾಂವದಾಗ, ಗಾಡಿ ಸಾಮಾನಿನ ಅಂಗಡ್ಯಾಗ
ಉಲ್ಹಾಸ ಕೇರ್ಕರ್ ನನ್ನ ಮುಂದ ನಾಲ್ಕು ಡಬ್ಬಿ ಬಿಚ್ಚಿಟ್ಟ.
ಎಲ್ಲಾದರ ಮುಖಾನೂ ಕರ್ರಗ, ಮುನಿಸಿಕೊಂಡ ಕನ್ನಡಿ ಇದ್ದಂಗ.

"ಇದು ಏಳು ಇಂಚು. ಸಿನೇಮಾನೂ ನೋಡಬಹುದು."
ಸಿನೇಮಾ ನೋಡಕೋತ ಬರ್ಫ ಒಯ್ಯಾಕ ಆಗತೈತೇನು ಅಣ್ಣಾ?
"ಇದರಾಗ ಕಟ್ಟಡ ಸುದ್ದಾ ಎದ್ದು ನಿಂತು ಕಾಣತಾವು."
ಬೆಳಗಿನ ಮೂರಕ್ಕ ಕಟ್ಟಡ ಎಲ್ಲಾ ಮಲಗಿರತಾವು.

ನಾ ಕೇಳಿದ್ದು ಒಂದ:
ಒದ್ದಿ ಬೆರಳಿಗೆ ಓ ಅನ್ನೂದು ಯಾವುದೈತಿ?

ಕುಟ್‌ಬಣ ಜೆಟ್ಟಿ ಹತ್ರ ನಲವತ್ತು ಲಾದಿ ಏರಿಸಿ
ಹೊಟ್ಟು ಸುರುವಿ, ಗೋಣಿ ಹೊಚ್ಚಿ
ಸ್ಟೇರಿಂಗ್ ಹಿಡಿಯೂ ಹೊತ್ತಿಗೆ ಈ ಹತ್ತೂ ಬೆರಳು ನನ್ನವಲ್ಲ.
ಬೀಡಿ ಸುಟ್ಟರೂ ಗೊತ್ತಾಗೂದಿಲ್ಲ.
ಮಗಳ ಫೋನ್ ಒತ್ತಿದರ ಸುಮ್ಮನ ಇರತೈತಿ,
ಸತ್ತವನ ಕೈ ಅಂದುಕೊಂಡಿತೋ ಏನೋ.

ಇಪ್ಪತ್ತೊಂದು ವರ್ಷ ಬಾಜೂ ಸೀಟಿನ್ಯಾಗ ಇನಾಸ್ ಇದ್ದ.
ಕಣ್ಣು ಮುಚ್ಚಿ ಕುಂತು ಮೂಗಿನಿಂದ ದಾರಿ ಹೇಳಾಂವ.
"ಪಾವಿನ ಭಟ್ಟಿ ವಾಸನಿ ಬಂತಲ್ಲ, ಎಡಕ್ಕ.
ಉಪ್ಪು ಕೆಸರು ನಾರತೈತಿ, ಗದ್ದಿ ಬಂತು, ಸಾವಕಾಶ.
ಈ ನಾಯಿ ಬೊಗಳಿತಂದರ ನಾವು ಸರಿ ಅದೀವಿ."
ಬೊಗಳದಿದ್ದರ ಗಾಡಿ ಹಿಂದಕ್ಕ.

ಹೋದ ವರ್ಷ ಜ್ವರ ಬಂತು, ಇಳೀತು,
ವಾಸನಿ ಮಾತ್ರ ತಿರುಗಿ ಬರಲಿಲ್ಲ ಅವಗ.
ಆದರೂ ಬಂದು ಕುಂದರತಿದ್ದ, ಅಂದಾಜಿನ ಮ್ಯಾಲ ಎಡಕ್ಕ, ಬಲಕ್ಕ.
ಒಂದಿನ ಸಾಳ ನದಿ ದಂಡಿಗೆ ಒಯ್ದು ನಿಲ್ಲಿಸಿದ.
ಮುಂದ ನೀರು. ತಿರುವಾಕ ಜಾಗ ಇಲ್ಲ.
ಹಿಂದ ಬರ್ಫ ತಟಕ್, ತಟಕ್.
ತಾನ ಬಾಗಿಲಾ ತೆಗೆದು ಇಳಿದ.
"ಮಶೀನ್ ತೊಗೊ" ಅಂದ.
ಕತ್ತಲಾಗ ನಡಕೋತ ಹೋದ.

ಇದನ್ನೆಲ್ಲ ಕೇರ್ಕರಗ ಹೇಳಲಿಲ್ಲ.

ಮೊದಲನೇದು ಚಾಲೂ ಮಾಡಿದ. ಹೆಣ್ಣುದನಿ, ಭಾಳ ನಯ.
ಕೇಪೆಗೆ ಕ್ವೆಪೆಮ್ ಅಂದಳು. ಶೆಳ್ಡೆಗೆ ಜೆಲ್ಡೆಮ್.
ಬರದಾಂವ ಪೋರ್ತುಗೀಜ, ಓದಾಕಿ ಇಂಗ್ಲಿಷಿನಾಕಿ,
ಕೇಳಾಂವ ನವಲಗುಂದದಾಂವ,
ಅಲ್ಲಿ ಸಂತ್ಯಾಗ ಕಾಯಾಕಿ ಮೀನಿನಾಕಿ.
ನಾಕು ಮಂದಿ ನಡುವ ಒಂದು ಊರು ಕರಗಿ ಹೋತು.

ಎರಡನೇದು ದಾರಿಗಿಂತ ಮೊದಲ ಇಂಟರ್ನೆಟ್ ಬೇಡತು.
ಬಾಳ್ಳಿ ದಾಟಿದರ ಅಲ್ಲಿ ದೇವರಿಗೂ ಸಿಗ್ನಲ್ ಇಲ್ಲ.
ಮೂರನೇದು ಗಾಜಿಗೆ ಅಂಟಿಸಿದರ ಉದುರಿ ಬಿತ್ತು.
ನಾಲ್ಕನೇದು ಒಂದು ಊರು ಕೇಳಬೇಕಂದರ ಹನ್ನೊಂದು ಪ್ರಶ್ನಿ ಕೇಳತದ,
ಕೋರ್ಟಿನಾಗೂ ಅಷ್ಟು ಕೇಳೂದಿಲ್ಲ.

"ಇನ್ನೊಂದೈತಿ, ಯಾರೂ ಒಯ್ಯೂದಿಲ್ಲ" ಅಂತ
ತಳದ ಖಾನೆಯಿಂದ ಸಾಬಾಣ ಡಬ್ಬಿಯಷ್ಟು ಒಂದು ತೆಗೆದ.
ಬೂದಿ ಬಣ್ಣ. ನಾಕು ಗುಂಡಿ. ಹೆಬ್ಬೆಟ್ಟಿನಷ್ಟು ಅಗಲ.

ನಿಲ್ಲಣ್ಣಾ ಅಂದೆ.
ಎದುರಿನ ಸೋಡಾ ಗಾಡಿಗೆ ಹೋಗಿ
ಬರ್ಫದ ಬಕೀಟಿನ್ಯಾಗ ಮಣಿಕಟ್ಟಿನ ತನಕ ಕೈ ಇಟ್ಟು ನಿಂತೆ.
ಸೋಡಾದಾಂವ ಬೈದ, ಆಮ್ಯಾಲ ಸುಮ್ಮನಾದ.
ಬೆರಳು ಮರತ ಮ್ಯಾಲ ವಾಪಸ್ ಬಂದು
ನೀರು ಸೋರಕೋತ ಒತ್ತಿದೆ.
ಕಟ್.
ಬೆಳಕಾತು.

ಕೇರ್ಕರ್ ನಗಲಿಲ್ಲ. ಬಿಲ್ ಪುಸ್ತಕ ತೆಗೆದ. "ಹೆಸರು?"
ಯಮನೂರಪ್ಪ.
"ಯಮ" ಅಂತ ಬರದು, ಪೆನ್ನು ಎತ್ತಿ,
ನನ್ನ ತಣ್ಣನ ಕೈ ಒಮ್ಮೆ ನೋಡಿದ.
ಪೂರಾ ಬರೀರಿ ಅಂದೆ.

ಆ ರಾತ್ರಿ ಒಬ್ಬಾಂವ ಹೊಂಟೆ.
ತಪ್ಪಿದಾಗೆಲ್ಲ "ಮತ್ತ ಲೆಕ್ಕ ಹಾಕತೇನಿ" ಅನ್ನಾಕಿ ಆಕಿ,
ಬೈಗಳ ಇಲ್ಲ, ಕೆಮ್ಮ ಇಲ್ಲ, ಬೀಡಿ ಕೇಳೂದಿಲ್ಲ.
ಒಂದು ಕೂಡಿನ್ಯಾಗ ಬಲಕ್ಕ ಅಂದಳು.
ಅದ ಹೊತ್ತಿಗೆ ಎಡಕ್ಕಿಂದ ಪಾವಿನ ಭಟ್ಟಿ ವಾಸನಿ.

ಗಾಡಿ ನಡುಬೀದ್ಯಾಗ ನಿಲ್ಲಿಸಿದೆ.
ಹಿಂದ ಬರ್ಫ ತನ್ನ ಲೆಕ್ಕ ತಾ ಹಾಕಕೋತ ಇತ್ತು.
ಎಲ್ಲೋ ಒಂದು ನಾಯಿ ಬೊಗಳಿತು.
ಸರಿ ಅದೀ ಅಂತೋ, ತಪ್ಪೀದಿ ಅಂತೋ,
ಅದು ಆ ನಾಯೀನೋ, ಬ್ಯಾರೆ ನಾಯೀನೋ,
ಇನಾಸನ್ನ ಕೇಳಬೇಕಿತ್ತು.