ಐವತ್ತರ ನಂತರ ಕಲ್ಲು

ಈ ಕಲ್ಲು ಮೊದಲು ಬಿಲಿಯರ್ಡ್ಸ್ ಮೇಜಿನ ಹೊಟ್ಟೆಯಲ್ಲಿತ್ತು.
ದಕ್ಷಿಣದ ಯಾವುದೋ ಊರಲ್ಲಿ ಬಾರು ಮುಚ್ಚಿದಾಗ
ಹಸಿರು ಬಟ್ಟೆ ಸುಲಿಸಿಕೊಂಡು, ಬೇಸಿಗೆಯ ಹಡಗೇರಿ
ಬ್ಯಾಫಿನ್ ದ್ವೀಪದ ನಮ್ಮ ಅಚ್ಚುಮನೆಗೆ ಬಂತು.
ಚೆಂಡು ಉರುಳಿದ ನುಣುಪು ಅಂಚಿನಲ್ಲಿ ಇನ್ನೂ ಇದೆ,
ಮುಟ್ಟಿ ನೋಡಿ.

ಚಿತ್ರ ಮಲಾಯಾಳದು. ಎಂಬತ್ತು ದಾಟಿದ ಕೈ;
ಚಹಾದ ಲೋಟ ನಡುಗುತ್ತದೆ, ಪೆನ್ಸಿಲು ನಡುಗುವುದಿಲ್ಲ.
ಒಂದು ಸೀಲು, ಅದರ ನೆತ್ತಿಯ ಮೇಲೆ ಮಂಜುಗಡ್ಡೆ,
ಗಡ್ಡೆಯಲ್ಲಿ ಬಟಾಣಿಯಷ್ಟು ಉಸಿರುಗಂಡಿ,
ಅದರ ಪಕ್ಕ ಈಟಿ ಹಿಡಿದು ಬಗ್ಗಿ ನಿಂತ ಒಬ್ಬ.
ಅವನು ಅವಳ ಗಂಡ. ಹೆಸರು ಬರೆದಿಲ್ಲ,
ಟೋಪಿಯಿಂದ ಊರಿಗೆಲ್ಲ ಗೊತ್ತು.

ಕೆತ್ತುವವನು ಲುಕಾಸಿ. ಮಂಜು ಬೇಕಾದಲ್ಲೆಲ್ಲ
ಕಲ್ಲು ತೆಗೆಯುತ್ತ ಹೋದ, ಆರು ವಾರ.
"ಮಂಜು ಅಂದರೆ ಬರೀ ಕಾಗದ ಕಣೋ,
ನಾವು ಏನೂ ಮಾಡದೆ ಬಿಟ್ಟ ಜಾಗ."
ಕಿಟಕಿಯಾಚೆ, ನವೆಂಬರ್ ಮುಗಿಯುತ್ತ ಬಂದರೂ,
ಕೊಲ್ಲಿ ಕಪ್ಪಗೆ, ರೋಲರ್ ಎಳೆದ ಹಾಗೆ.
ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.
ಸ್ನೋಮೊಬೈಲುಗಳು ಮನೆ ಮುಂದೆ ನಿಂತಿವೆ, ಅಷ್ಟೆ.

ಮಸಿ ಹಚ್ಚುವವನು ನಾನು.
ಸೀಲಿನ ತೊಗಲು ಸುತ್ತಿದ ಗುಂಡಿನಿಂದ
ಕಾಗದದ ಬೆನ್ನು ತಿಕ್ಕಿ ಸೀಲನ್ನು ಎಬ್ಬಿಸುತ್ತೇನೆ.
ಮೊದಲ ಪ್ರತಿಯಲ್ಲಿ ಬಟಾಣಿಗೆ ಮಸಿ ಹತ್ತಲಿಲ್ಲ.
ಗಂಡಿಯೇ ಇಲ್ಲ.
"ಉಸಿರು ಕಟ್ಟಿಸಿಬಿಟ್ಟೆಯಲ್ಲೋ," ಅಂದಳು ಮುದುಕಿ.

ಎರಡನೆಯದರಲ್ಲಿ ಗಂಡಿ ಬಂತು.
ಆದರೆ ಬಲಗಡೆಯ ಗುಡ್ಡ ಎಡಕ್ಕೆ,
ಈಟಿ ಎಡಗೈಯಲ್ಲಿ.
ಟ್ರೇಸಿಂಗ್ ಕಾಗದ ಮಗುಚುವುದು ನನ್ನ ಕೆಲಸವಾಗಿತ್ತು.
ಮಗುಚಿರಲಿಲ್ಲ.
ಆರು ವಾರ. ಲುಕಾಸಿ ಉಳಿ ಕೆಳಗಿಟ್ಟ. ನಾನು ಬೂಟು ನೋಡಿಕೊಂಡೆ.
ಮಲಾಯಾ ಹಾಳೆಯನ್ನು ದೀಪಕ್ಕೆ ಹಿಡಿದಳು,
ದೂರ ಹಿಡಿದಳು, ಮೂಗಿಗೆ ತಂದಳು.
"ಸರಿಯಾಗೇ ಇದೆ," ಅಂದಳು.
"ಕೆಳಗಿನಿಂದ ಅದಕ್ಕೆ ಅವನು ಕಾಣುತ್ತಿದ್ದದ್ದು ಹೀಗೇ.
ಇಷ್ಟು ವರ್ಷ ನಾನೇ ಮೇಲಿನಿಂದ ಬರೆದೆ."

ಐವತ್ತು ಪ್ರತಿ. ಮೂಲೆಯಲ್ಲಿ ಕೆಂಪು ಸೀಲು, ನಡುವೆ ಕಪ್ಪು ಸೀಲು.
ಟೊರಾಂಟೊಗೆ, ಬರ್ಲಿನ್‌ಗೆ, ಎಲ್ಲಿಗೋ,
ಬಿಸಿ ಗೋಡೆಗಳಿಗೆ.
ಐವತ್ತಾದ ಮೇಲೆ ಅಚ್ಚನ್ನು ಅಳಿಸಬೇಕು. ಇದು ನಿಯಮ.
ಅಚ್ಚಳಿಯದ್ದು ಅಂತ ಯಾವುದೂ ಈ ಮನೆಯಲ್ಲಿಲ್ಲ.

ಹಿಡಿದ ಸೀಲಿನ ಬಾಯಿಗೆ ಸಿಹಿನೀರು ಬಿಡುತ್ತಿದ್ದರಂತೆ ಹಿಂದೆ:
ಹುಟ್ಟಿದಾಗಿನಿಂದ ಉಪ್ಪಿನಲ್ಲೇ ಇದ್ದ ಜೀವ, ಬಾಯಾರಿರುತ್ತದೆ;
ಬಾಯಾರಿಸಿ ಕಳಿಸಿದರೆ ಮತ್ತೆ ಬರುವುದಿಲ್ಲ.
ಲುಕಾಸಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು,
ಅದೆಲ್ಲ ಅಜ್ಜಂದಿರ ಮಾತು ಅನ್ನುತ್ತಾನೆ.

ಕಲ್ಲು ಉಜ್ಜಲು ನೀರು ಬೇಕು, ಧೂಳು ಏಳದ ಹಾಗೆ.
ಕೆಟಲು ತಂದ. ಎಲ್ಲಿ ಬೇಕಾದರೂ ಸುರಿಯಬಹುದಿತ್ತು.
ಮೊದಲು ಬಾಯಿಯ ಹತ್ತಿರ ಒಂದಿಷ್ಟು ಬಿಟ್ಟು,
ಅದು ಗೀರಿನೊಳಗೆ ಇಳಿಯುವ ತನಕ ನಿಂತು,
ನನ್ನತ್ತ ತಿರುಗದೆ,
"ಮೆಷಿನು ಶುರುಮಾಡು," ಅಂದ.