ನೂರ ಹದಿನೇಳನೆಯ ರಿವೆಟ್ಟು

ಮೊದಲ ಶನಿವಾರ ನಾನೊಬ್ಬನೇ ಮಾತಾಡಿದೆ.
ಎರಡು ಗಂಟೆ. ಕುಟಾಯಿಸಿ ಸ್ಟೇಷನ್ನಿನ ಎದುರು,
ಹುರುಳಿಕಾಳು ತುಂಬಿದ ರೊಟ್ಟಿ ತಟ್ಟೆಯಲ್ಲೇ ತಣ್ಣಗಾಯಿತು.
ಮೂವತ್ತೊಂದು ವರ್ಷ, ನಲವತ್ತು ಸೇತುವೆ,
ಯಾರು ನನ್ನ ಮಾತು ಕೇಳದೆ ಕೆಟ್ಟರು,
ಯಾರು ಕೇಳಿ ಮೇಲೆ ಬಂದರು,
ಒಂದೂ ಬಿಡದೆ ಹೇಳಿದೆ.
ನುತ್ಸಾ ಬರೆದುಕೊಂಡಳು. ಒಂಬತ್ತು ಪುಟ.
"ಉಪಕಾರವಾಯಿತು, ಬತೊನೊ ವಾಜಾ" ಎಂದಳು ಹೊರಡುವಾಗ,
ಸಾವಿನ ಮನೆಯಿಂದ ಏಳುವವರ ದನಿಯಲ್ಲಿ.

ಎರಡನೆಯ ಶನಿವಾರ ಬರಲಿಲ್ಲ.

ಕಾಲೇಜಿನವರು ಕಳಿಸಿದ್ದ ಹಾಳೆಯಲ್ಲಿ ಒಂದು ಖಾನೆ:
ವಿದ್ಯಾರ್ಥಿಗೆ ಬೇಕಾದದ್ದೇನು?
ಅವಳು ತುಂಬಿದ್ದಳು. ನಾನು ಓದಿರಲಿಲ್ಲ.
ಕನ್ನಡಕ ಹುಡುಕಿ ಈಗ ಓದಿದೆ:
'ಸೇತುವೆ ಅಂದರೆ ಪ್ರಾಣ. ಎತ್ತರ ಅಂದರೆ ಭಯ.
ಎರಡನ್ನೂ ಇಟ್ಟುಕೊಂಡು ಈ ಕೆಲಸ ಮಾಡಬಹುದೇ?'

ಮನಾನಾ ಪರ್ಸಿಮನ್ ಸುಲಿದು
ಒಣಗಿಸಲು ದಾರಕ್ಕೆ ಪೋಣಿಸುತ್ತಿದ್ದಳು.
"ಒಂಬತ್ತು ಪುಟದಲ್ಲಿ ಎಲ್ಲಾದರೂ ಇದಕ್ಕೆ ಉತ್ತರ ಇತ್ತೇನು?"
ಎಂದಳು, ತಲೆಯೆತ್ತದೆ.
ಮೂವತ್ತು ವರ್ಷದ ಸಂಸಾರ. ಎಲ್ಲಿ ತಟ್ಟಬೇಕೆಂದು ಅವಳಿಗೆ ಗೊತ್ತು.

ಫೋನು ಮಾಡಿದೆ. "ಹಳೇ ಶೂ ಹಾಕಿಕೊಂಡು ಬಾ" ಅಂದೆ.
ಅಷ್ಟೇ ಅಂದೆ. ಅಷ್ಟಕ್ಕೇ ನನಗೆ ಬೆವರಿತು.

ರೈಲು ಸೇತುವೆಯ ಹೊಟ್ಟೆಯಡಿ ಕಬ್ಬಿಣದ ಜಾಲರಿಯ ಕಾಲುದಾರಿ.
ಜಾಲರಿಯಡಿ ರಿಯೋನಿ ನದಿ,
ಸುಣ್ಣ ಕದಡಿದ ಹಾಗೆ ಬೆಳ್ಳಗೆ, ಅವಸರದಲ್ಲಿ.
ಕಂಬಿ ಹಿಡಿದ ಅವಳ ಗೆಣ್ಣುಗಳೂ ಬೆಳ್ಳಗೆ.
ಹೆದರಬೇಡ ಎನ್ನಲು ತೆರೆದ ಬಾಯನ್ನು
ಕಷ್ಟಪಟ್ಟು ಮುಚ್ಚಿದೆ. ಆಮೇಲೆ ಹೇಳಿದೆ:
"ನಾನು ಸೇರಿದ ಮೊದಲ ವಾರ ಇದೇ ಕಂಬಿ ಹಿಡಿದು
ಕೆಳಗೆ ನಿಂತಿದ್ದ ಮೇಲಧಿಕಾರಿಯ ಟೋಪಿಯ ಮೇಲೆ
ವಾಂತಿ ಮಾಡಿಕೊಂಡಿದ್ದೆ."
ನಕ್ಕಳು. ಒಂದು ಹೆಜ್ಜೆ ಇಟ್ಟಳು.
"ಇವತ್ತಿಗೆ ಸಾಕು" ಅಂದೆ.
"ಇನ್ನೊಂದು" ಅಂದಳು.

ಚಳಿಗಾಲ ಹೀಗೇ ಹೋಯಿತು.
ತಪ್ಪು ಲೆಕ್ಕ ತಂದರೆ ತಿದ್ದುತ್ತಿರಲಿಲ್ಲ,
ನನ್ನ ಹಳೆಯ ತಪ್ಪೊಂದನ್ನು ಪಕ್ಕಕ್ಕಿಡುತ್ತಿದ್ದೆ.
ಒಂದು ದಿನ ಪರೀಕ್ಷೆ ಕೆಟ್ಟಿತೆಂದು ಅತ್ತಳು;
ನನಗೇನೂ ತೋಚದೆ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿದೆ.

ಮಾರ್ಚಿನಲ್ಲಿ ರಿವೆಟ್ಟುಗಳ ತಪಾಸಣೆ.
ನಾನು ಸುತ್ತಿಗೆಯಿಂದ ತಟ್ಟುವುದು, ಅವಳು ಬರೆಯುವುದು.
ಬಿಗಿಯಾದದ್ದು ಗಂಟೆಯ ಹಾಗೆ ನುಡಿಯುತ್ತದೆ,
ಸಡಿಲವಾದದ್ದು ಬಿರುಕು ಬಿಟ್ಟ ಗಡಿಗೆಯ ಹಾಗೆ.
ಬಿಗಿ. ಬಿಗಿ. ಬಿಗಿ.
ನೂರ ಹದಿನೇಳನೆಯದು. ತಟ್ಟಿ, ಬಿಗಿ ಅಂದೆ.

ಪೆನ್ಸಿಲು ಅಲುಗಲಿಲ್ಲ.

"ಇನ್ನೊಮ್ಮೆ ತಟ್ಟಿ."
ತಟ್ಟಿದೆ. "ಬಿಗಿಯೇ ತಾನೆ?"
"ಅಲ್ಲ. ಕೊನೆಯಲ್ಲಿ ಸಣ್ಣದೊಂದು ಝೀ ಇದೆ,
ಡಬ್ಬಿಯೊಳಗೆ ಸಿಕ್ಕಿಬಿದ್ದ ಜೇನುಹುಳದ ಹಾಗೆ."

ಆಚೆ ಬದಿಗೆ ಬೆರಳೊತ್ತಿ, ಈಚೆಯಿಂದ ತಟ್ಟಿದೆ.
ಕೂದಲೆಳೆಯಷ್ಟು ಮಿಸುಕಿತು.
ತಲೆಯ ಸುತ್ತ ತುಕ್ಕಿನ ಸಣ್ಣ ಗೆರೆ,
ಯಾರೋ ಕಾಡಿಗೆ ತೀಡಿದ ಹಾಗೆ. ಕಣ್ಣೆದುರೇ ಇತ್ತು.

ಎರಡು ವರ್ಷದಿಂದ ಗೊತ್ತಿತ್ತು ನನಗೆ.
ಅಡುಗೆಮನೆಯ ಫೋನು ಮನಾನಾಳಿಗೆ ಮಾತ್ರ ಕೇಳುತ್ತದೆ.
ಡ್ರಿಲ್ಲುಗಳು ಮೂವತ್ತೊಂದು ವರ್ಷ ಕಿವಿಯನ್ನು
ಒಳಗಿಂದ ಅರೆದು ಹಾಕಿವೆ.
ಕಿವಿ ಹೋದವನು ಸೇತುವೆಯ ಮೇಲೆ ಏನು ಮಾಡಬೇಕು?
ಎಷ್ಟು ಬಿಗಿಗಳನ್ನು ಬಾಯಿಮಾತಿಗೆ ಬರೆಸಿದ್ದೇನೋ!

ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ,
ಗಾಳಿಗೆ ಕೂಗಿ ಕೂಗಿ, ಕಬ್ಬಿಣಕ್ಕೆ ಬೆನ್ನು ಕೊಟ್ಟು.
ಪರವಾಗಿಲ್ಲ ಅನ್ನುತ್ತಾಳೆಂದು ಕಾದೆ.
ಅನ್ನಲಿಲ್ಲ.
ಹಾಳೆ ಹಿಂದೆ ತಿರುವಿದಳು,
ಬರೆದದ್ದಕ್ಕೆಲ್ಲ ಒಂದು ಉದ್ದ ಗೆರೆ ಎಳೆದಳು.
"ಒಂದರಿಂದ ಶುರು ಮಾಡೋಣ," ಎಂದು
ಸುತ್ತಿಗೆಗೆ ಕೈ ಚಾಚಿದಳು.
ಕೊಟ್ಟೆ.

ತಲೆಯ ಮೇಲೆ ಟಿಬಿಲಿಸಿಯ ಗೂಡ್ಸು ಹಾದುಹೋಯಿತು.
ಸೇತುವೆ ಇಡೀ ನಡುಗಿತು.
ಅವಳ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಪೆನ್ಸಿಲು.
ಕಂಬಿ ಹಿಡಿದು ನಿಂತವನು ನಾನೊಬ್ಬನೇ.